ಎಣಿಸುವುದೋ ಅಳೆಯುವುದೋ: ಯಾದೃಚ್ಛಿಕ ಚಲಕಗಳನ್ನು ಹಂತ ಹಂತವಾಗಿ ಅರ್ಥಮಾಡಿಕೊಳ್ಳುವುದು

ಸಂತೆಯಲ್ಲಿ ಬಾಳೆಹಣ್ಣನ್ನು ಕೆಲವರು ಡಜನ್ ಲೆಕ್ಕದಲ್ಲಿ ಮಾರುತ್ತಾರೆ, ಇನ್ನು ಕೆಲವರು ಕಿಲೋ ಲೆಕ್ಕದಲ್ಲಿ. ಚಿಪ್ಪು ಅದೇ, ಹಣ್ಣು ಅದೇ. ಆದರೆ ಡಜನ್ ಲೆಕ್ಕದವನು ಚಿಪ್ಪಿನಲ್ಲಿ ಎಷ್ಟು ಹಣ್ಣುಗಳಿವೆ ಎಂದು ಎಣಿಸುತ್ತಾನೆ, ಅವನಿಗೆ 14 ಸಿಗಬಹುದು ಅಥವಾ 15 ಸಿಗಬಹುದು, ಹದಿನಾಲ್ಕೂವರೆ ಹಣ್ಣು ಸಿಗುವುದಿಲ್ಲ. ಕಿಲೋ ಲೆಕ್ಕದವನ ತಕ್ಕಡಿಯಲ್ಲಿ 1.8 ಕಿಲೋ ಮತ್ತು 1.9 ಕಿಲೋ ನಡುವೆ ಯಾವ ತೂಕ ಬೇಕಾದರೂ ಬರಬಹುದು, ಅಲ್ಲಿ ಬಿಟ್ಟುಹೋಗುವ ಜಾಗವೇ ಇಲ್ಲ. ವಿಚ್ಛಿನ್ನ ಮತ್ತು ಅವಿಚ್ಛಿನ್ನ ಯಾದೃಚ್ಛಿಕ ಚಲಕಗಳ ನಡುವಿನ ವ್ಯತ್ಯಾಸ ಇಲ್ಲಿಂದಲೇ ಹುಟ್ಟುತ್ತದೆ. ಅದು ಬಾಳೆಹಣ್ಣಿನ ಗುಣವಲ್ಲ, ನಾವು ಬಾಳೆಹಣ್ಣಿನ ಬಗ್ಗೆ ಕೇಳಿದ ಪ್ರಶ್ನೆಯ ಗುಣ ಎಂಬುದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ದ್ವಿತೀಯ ಪಿಯುಸಿ ಅಥವಾ ಪದವಿಯ ಮೊದಲ ವರ್ಷದಲ್ಲಿ ಸಂಖ್ಯಾಶಾಸ್ತ್ರ ಓದುವವರಿಗೆ ಈ ಎರಡು ವ್ಯಾಖ್ಯೆಗಳು ಸಾಮಾನ್ಯವಾಗಿ ಬಾಯಿಪಾಠವಾಗಿರುತ್ತವೆ, ಎಡವುವುದು ಲೆಕ್ಕಕ್ಕೆ ಕೂತಾಗ. ಒಂದು ಕಡೆ ಸಂಭವನೀಯತೆಗಳನ್ನು ಕೂಡಿಸಬೇಕು, ಇನ್ನೊಂದು ಕಡೆ ರೇಖೆಯ ಕೆಳಗಿನ ವಿಸ್ತೀರ್ಣವನ್ನು ಕಂಡುಹಿಡಿಯಬೇಕು. ಯಾವಾಗ ಯಾವುದು, ಮತ್ತು ಯಾಕೆ ಎಂಬುದು ಸ್ಪಷ್ಟವಾಗದೆ ಸೂತ್ರಗಳು ಅದಲುಬದಲಾಗುತ್ತವೆ. ಈ ಲೇಖನವನ್ನು ಓದುವಾಗ ನಾಲ್ಕು ಕವಡೆ, ಒಂದು ಹಾಳೆ ಮತ್ತು ಪೆನ್ಸಿಲ್ ಜೊತೆಗಿರಲಿ. ಕವಡೆ ಇಲ್ಲದಿದ್ದರೆ ಹುಣಸೆ ಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ತೇದು ಬಿಳಿ ಮಾಡಿಕೊಂಡರೂ ನಡೆಯುತ್ತದೆ.

ಮೊದಲ ಹೆಜ್ಜೆ: ಘಟನೆಗೆ ಸಂಖ್ಯೆ ಕೊಡುವ ನಿಯಮವನ್ನು ಗುರುತಿಸಿ

ಚೌಕಾಬಾರ ಆಡಿದವರಿಗೆ ಯಾದೃಚ್ಛಿಕ ಚಲಕವನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಹೆಸರು ಹೇಳಿಕೊಟ್ಟರೆ ಸಾಕು. ನಾಲ್ಕು ಕವಡೆಗಳನ್ನು ಎಸೆಯುತ್ತೇವೆ. ಒಂದು ಕವಡೆ ಬಾಯಿ ಮೇಲಾಗಿ ಅಂಗಾತ ಬಿದ್ದರೆ ಕಾಯಿ ಒಂದು ಮನೆ ನಡೆಯುತ್ತದೆ, ಎರಡು ಬಿದ್ದರೆ ಎರಡು ಮನೆ, ಮೂರು ಬಿದ್ದರೆ ಮೂರು ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾಗಿ ಬಿದ್ದರೆ ಬಾರ, ಎಂಟು ಮನೆ.

ಇಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೆಲದ ಮೇಲೆ ಬಿದ್ದಿರುವುದು ಸಂಖ್ಯೆಯಲ್ಲ, ಕವಡೆಗಳ ಒಂದು ಸ್ಥಿತಿ. ಒಂದೊಂದು ಕವಡೆಗೂ ಎರಡು ಸಾಧ್ಯತೆ ಇರುವುದರಿಂದ ಅಂಥ ಸ್ಥಿತಿಗಳು ಒಟ್ಟು 16. ಆ ಹದಿನಾರರಲ್ಲಿ ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಹಚ್ಚುವ ನಿಯಮ ನಮ್ಮ ಬಳಿ ಇದೆ, ಆ ನಿಯಮವೇ ಯಾದೃಚ್ಛಿಕ ಚಲಕ. ಚಲಕ ಎಂಬ ಹೆಸರು ತುಸು ದಾರಿ ತಪ್ಪಿಸುವಂಥದ್ದು, ಏಕೆಂದರೆ ಅದು ಬೀಜಗಣಿತದಲ್ಲಿ ಕಂಡುಹಿಡಿಯಬೇಕಾದ ಗುಪ್ತ ಸಂಖ್ಯೆಯ ನೆನಪು ತರುತ್ತದೆ. ಇಲ್ಲಿ ಗುಪ್ತವಾದದ್ದು ಏನೂ ಇಲ್ಲ. ಎಸೆಯುವ ಮುಂಚೆಯೇ ನಿಯಮ ಪೂರ್ತಿಯಾಗಿ ಗೊತ್ತಿರುತ್ತದೆ, ಯಾವ ಸ್ಥಿತಿ ಬೀಳುತ್ತದೆ ಎಂಬುದಷ್ಟೇ ಗೊತ್ತಿರುವುದಿಲ್ಲ. ಪಠ್ಯಪುಸ್ತಕಗಳು ದೊಡ್ಡಕ್ಷರದ ಎಕ್ಸ್ ಮತ್ತು ಸಣ್ಣಕ್ಷರದ ಎಕ್ಸ್ ಎರಡನ್ನೂ ಬಳಸುವುದು ಇದೇ ಕಾರಣಕ್ಕೆ: ದೊಡ್ಡದು ನಿಯಮ, ಸಣ್ಣದು ಆ ನಿಯಮದಿಂದ ಈ ಸಲ ಬಂದ ಬೆಲೆ.

ಒಂದೇ ಎಸೆತದ ಮೇಲೆ ಎರಡು ಬೇರೆ ನಿಯಮಗಳನ್ನು ಕಟ್ಟಬಹುದು ಎಂಬುದನ್ನೂ ಗಮನಿಸಿ. 'ಅಂಗಾತ ಬಿದ್ದ ಕವಡೆಗಳೆಷ್ಟು' ಎಂಬುದು ಒಂದು ಚಲಕ, ಅದರ ಬೆಲೆಗಳು 0, 1, 2, 3, 4. 'ಕಾಯಿ ನಡೆಯುವ ಮನೆಗಳೆಷ್ಟು' ಎಂಬುದು ಇನ್ನೊಂದು, ಅದರ ಬೆಲೆಗಳು 1, 2, 3, 4, 8. ಎಲ್ಲ ಕವಡೆಗಳೂ ಬೋರಲು ಬಿದ್ದ ಸ್ಥಿತಿಗೆ ಮೊದಲ ನಿಯಮ ಸೊನ್ನೆ ಕೊಡುತ್ತದೆ, ಎರಡನೆಯದು ಎಂಟು ಕೊಡುತ್ತದೆ. ಪರೀಕ್ಷೆಯ ಲೆಕ್ಕದಲ್ಲಿ ಮೊದಲು ಮಾಡಬೇಕಾದ ಕೆಲಸ ಇದೇ: ಏನನ್ನು ಎಸೆಯುತ್ತಿದ್ದೇವೆ ಅಥವಾ ಆರಿಸುತ್ತಿದ್ದೇವೆ, ಅದರಿಂದ ಸಂಖ್ಯೆ ಬರುವುದು ಹೇಗೆ ಎಂಬುದನ್ನು ಒಂದು ಪೂರ್ಣ ವಾಕ್ಯದಲ್ಲಿ ಬರೆದಿಡುವುದು. ಇದನ್ನು ಬರೆಯದೆ ಸೂತ್ರಕ್ಕೆ ಕೈಹಾಕಿದವರು ಅರ್ಧ ದಾರಿಯಲ್ಲಿ ಯಾವ ಚಲಕದ ಲೆಕ್ಕ ಮಾಡುತ್ತಿದ್ದೇವೆ ಎಂಬುದನ್ನೇ ಮರೆತಿರುತ್ತಾರೆ.

ಎರಡನೆಯ ಹೆಜ್ಜೆ: ಬೆಲೆಗಳ ನಡುವೆ ಖಾಲಿ ಜಾಗ ಇದೆಯೇ ಎಂದು ಕೇಳಿ

ಚಲಕವು ತೆಗೆದುಕೊಳ್ಳಬಹುದಾದ ಬೆಲೆಗಳನ್ನು ಒಂದೊಂದಾಗಿ ಪಟ್ಟಿ ಮಾಡಲು ಸಾಧ್ಯವಾದರೆ ಅದು ವಿಚ್ಛಿನ್ನ. ತರಗತಿಯಲ್ಲಿ ಡಿಸ್ಕ್ರೀಟ್ ಎನ್ನುವುದು ಇದನ್ನೇ. ಒಂದು ಅಂತರದೊಳಗಿನ ಯಾವ ಬೆಲೆಯಾದರೂ ಸಾಧ್ಯವಿದ್ದು, ಪಟ್ಟಿ ಮಾಡಹೊರಟರೆ ಮೊದಲನೆಯದರ ನಂತರದ್ದು ಯಾವುದು ಎಂದು ಹೇಳಲಾಗದಿದ್ದರೆ ಅದು ಅವಿಚ್ಛಿನ್ನ, ಅಂದರೆ ಕಂಟಿನ್ಯುಯಸ್. ಎಣಿಸುವುದು ವಿಚ್ಛಿನ್ನ, ಅಳೆಯುವುದು ಅವಿಚ್ಛಿನ್ನ ಎಂಬ ಸೂತ್ರ ನೂರಕ್ಕೆ ತೊಂಬತ್ತು ಸಂದರ್ಭಗಳಲ್ಲಿ ಕೈಹಿಡಿಯುತ್ತದೆ. ಉಳಿದ ಹತ್ತರಲ್ಲಿ ಕೈಕೊಡುವುದು ಮುಖ್ಯವಾಗಿ ಎರಡು ತಪ್ಪು ನಂಬಿಕೆಗಳಿಂದ.

ಮೊದಲನೆಯದು, ವಿಚ್ಛಿನ್ನ ಚಲಕದ ಬೆಲೆಗಳು ಪೂರ್ಣಾಂಕಗಳೇ ಆಗಿರಬೇಕು ಎಂಬ ನಂಬಿಕೆ. ಚಪ್ಪಲಿ ಅಂಗಡಿಯ ಅಳತೆಗಳು 6, 6.5, 7, 7.5 ಎಂದು ಹೋಗುತ್ತವೆ. ಆರೂವರೆ ದಶಮಾಂಶವೇ, ಆದರೂ ಆರಕ್ಕೂ ಆರೂವರೆಗೂ ನಡುವೆ ಬೇರೆ ಅಳತೆಯಿಲ್ಲದ ಕಾರಣ ಅದು ವಿಚ್ಛಿನ್ನ. ಎರಡನೆಯದು, ವಿಚ್ಛಿನ್ನ ಎಂದರೆ ಬೆಲೆಗಳು ಎಲ್ಲೋ ಒಂದು ಕಡೆ ಮುಗಿಯಬೇಕು ಎಂಬ ನಂಬಿಕೆ. ಚೌಕ ಬೀಳುವ ತನಕ ಎಷ್ಟು ಸಲ ಎಸೆಯಬೇಕು ಎಂದು ಕೇಳಿ. ಉತ್ತರ 1 ಆಗಬಹುದು, 2 ಆಗಬಹುದು, 200 ಆದರೂ ಆಗಬಹುದು, ಮೇಲ್ಮಿತಿಯೇ ಇಲ್ಲ. ಆದರೂ ಪಟ್ಟಿ ಮಾಡಬಹುದು, ಒಂದರ ನಂತರ ಎರಡು, ಎರಡರ ನಂತರ ಮೂರು ಎಂದು, ಹಾಗಾಗಿ ಅದು ವಿಚ್ಛಿನ್ನವೇ. ಕವಡೆಗಳು ಎರಡೂ ಕಡೆಗೆ ಸಮನಾಗಿ ಬೀಳುತ್ತವೆ ಎಂದುಕೊಂಡರೆ ಚೌಕಕ್ಕೆ ಸರಾಸರಿ 16 ಎಸೆತ ಬೇಕು, ಆದರೆ ಮೊದಲ 16 ಎಸೆತಗಳಲ್ಲಿ ಒಂದೂ ಚೌಕ ಬೀಳದಿರುವ ಸಂಭವನೀಯತೆ ಸುಮಾರು 0.36. ಹದಿನಾರು ಸಲವಾದರೂ ಬೀಳಲಿಲ್ಲ ಎಂದು ಎದುರಾಳಿಯ ಕೈಚಳಕವನ್ನು ಅನುಮಾನಿಸುವ ಮುಂಚೆ ಇದು ನೆನಪಿರಲಿ.

ಇನ್ನು ವಯಸ್ಸಿನಂಥ ಚಲಕಗಳಿವೆ. ವಯಸ್ಸು ನಿಜಕ್ಕೂ ಅವಿಚ್ಛಿನ್ನ, ಏಕೆಂದರೆ ಕಾಲ ಜಿಗಿಯುವುದಿಲ್ಲ. ಆದರೆ ಅರ್ಜಿ ನಮೂನೆಯಲ್ಲಿ ತುಂಬುವ 'ಪೂರ್ಣಗೊಂಡ ವರ್ಷಗಳು' ವಿಚ್ಛಿನ್ನ. ಲೆಕ್ಕದಲ್ಲಿ ಯಾವುದನ್ನು ಕೇಳಿದ್ದಾರೆ ಎಂಬುದನ್ನು ಓದಿಯೇ ತೀರ್ಮಾನಿಸಬೇಕು.

ಮೂರನೆಯ ಹೆಜ್ಜೆ: ವಿಚ್ಛಿನ್ನವಾದರೆ ಕೋಷ್ಟಕ ಬರೆಯಿರಿ

ವಿಚ್ಛಿನ್ನ ಚಲಕದ ಬಗ್ಗೆ ತಿಳಿಯಬೇಕಾದ್ದೆಲ್ಲವೂ ಒಂದು ಕೋಷ್ಟಕದಲ್ಲಿ ಅಡಗಿರುತ್ತದೆ: ಒಂದು ಸಾಲಿನಲ್ಲಿ ಬೆಲೆಗಳು, ಅವುಗಳ ಕೆಳಗೆ ಸಂಭವನೀಯತೆಗಳು. ಕಾಯಿಯ ನಡೆಗೆ ಅದು ಹೀಗಿರುತ್ತದೆ. ಒಂದು ಮನೆಗೆ 4/16, ಎರಡಕ್ಕೆ 6/16, ಮೂರಕ್ಕೆ 4/16, ನಾಲ್ಕಕ್ಕೆ 1/16, ಎಂಟಕ್ಕೆ 1/16. ಬರೆದ ಕೂಡಲೇ ಎರಡು ತಪಾಸಣೆ ಮಾಡಿಕೊಳ್ಳಬೇಕು. ಯಾವ ಸಂಭವನೀಯತೆಯೂ ಋಣ ಸಂಖ್ಯೆಯಾಗಿರಬಾರದು, ಮತ್ತು ಎಲ್ಲವನ್ನೂ ಕೂಡಿದರೆ 1 ಬರಬೇಕು. ಇಲ್ಲಿ 16/16 ಬರುತ್ತದೆ, ಸರಿಯಾಗಿದೆ.

ನಿರೀಕ್ಷಿತ ಮೌಲ್ಯ ಬೇಕಾದರೆ ಪ್ರತಿ ಬೆಲೆಯನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸಬೇಕು: 4 + 12 + 12 + 4 + 8 ಒಟ್ಟು 40, ಅದನ್ನು 16ರಿಂದ ಭಾಗಿಸಿದರೆ 2.5. ಯಾವ ಎಸೆತದಲ್ಲೂ ಕಾಯಿ ಎರಡೂವರೆ ಮನೆ ನಡೆಯುವುದಿಲ್ಲ. ನಿರೀಕ್ಷಿತ ಮೌಲ್ಯವು ನಾವು ನಿರೀಕ್ಷಿಸಬೇಕಾದ ಬೆಲೆಯಲ್ಲ ಎಂಬುದು ಈ ವಿಷಯದ ಹಳೆಯ ತಮಾಷೆ. ಅದು ಬಹಳ ಎಸೆತಗಳ ಸರಾಸರಿ ಹೋಗಿ ನಿಲ್ಲುವ ಜಾಗ. ಹರಡುವಿಕೆಯನ್ನು ತಿಳಿಯಲು ಬೆಲೆಗಳ ವರ್ಗಗಳನ್ನು ಅದೇ ರೀತಿ ಗುಣಿಸಿ ಕೂಡಿಸಿದರೆ 144/16, ಅಂದರೆ 9 ಬರುತ್ತದೆ. ಅದರಿಂದ 2.5ರ ವರ್ಗವಾದ 6.25ನ್ನು ಕಳೆದರೆ 2.75, ಅದರ ವರ್ಗಮೂಲ ಸುಮಾರು 1.66. ಇದೇ ಮಾನಕ ವಿಚಲನೆ. ಬಾರ ಎಂಬ ಒಂದೇ ಒಂದು ಸ್ಥಿತಿ 144ರಲ್ಲಿ 64ರಷ್ಟನ್ನು ತಾನೇ ತಂದುಕೊಟ್ಟಿರುವುದನ್ನು ನೋಡಿದರೆ, ಅಪರೂಪದ ದೊಡ್ಡ ಬೆಲೆಗಳು ಹರಡುವಿಕೆಯನ್ನು ಎಷ್ಟು ಹಿಗ್ಗಿಸುತ್ತವೆ ಎಂಬುದು ಅರ್ಥವಾಗುತ್ತದೆ.

ಇಲ್ಲಿಯವರೆಗೆ ಕವಡೆ ನಾಣ್ಯದ ಹಾಗೆ ಸಮನಾಗಿ ಬೀಳುತ್ತದೆ ಎಂದು ಭಾವಿಸಿದ್ದೇವೆ. ನಿಜವಾದ ಕವಡೆ ಹಾಗಲ್ಲ, ಅದರ ಬೆನ್ನು ಉಬ್ಬು, ಬಾಯಿಯ ಕಡೆ ಚಪ್ಪಟೆ. ನಿಮ್ಮ ಕವಡೆಯನ್ನು ಇನ್ನೂರು ಸಲ ಎಸೆದು ಅಂಗಾತ ಬಿದ್ದದ್ದನ್ನು ಗೀಟು ಹಾಕಿ ಎಣಿಸಿ. ಉದಾಹರಣೆಗೆ ಅಂಗಾತ ಬೀಳುವ ಪಾಲು 0.4 ಎಂದು ಬಂದಿತು ಎನ್ನೋಣ. ಆಗ ಚೌಕದ ಸಂಭವನೀಯತೆ 0.4ರ ನಾಲ್ಕನೆಯ ಘಾತ, ಅಂದರೆ 0.0256, ಬಾರದ್ದು 0.6ರ ನಾಲ್ಕನೆಯ ಘಾತ, ಅಂದರೆ 0.1296. ಸಮ ಕವಡೆಯಲ್ಲಿ ಸರಿಸಮವಾಗಿದ್ದ ಎರಡರ ನಡುವೆ ಈಗ ಐದು ಪಟ್ಟು ಅಂತರ. ನಿರೀಕ್ಷಿತ ನಡೆಯೂ 2.5ರಿಂದ ಸುಮಾರು 2.64ಕ್ಕೆ ಏರುತ್ತದೆ. ಚಲಕ ಅದೇ, ಅದರ ಬೆಲೆಗಳು ಅವೇ, ಬದಲಾಗಿದ್ದು ಅವುಗಳ ಮೇಲೆ ಹಂಚಿದ ಭಾರ ಮಾತ್ರ. ಚಲಕ ಬೇರೆ, ಅದರ ವಿತರಣೆ ಬೇರೆ.

ನಾಲ್ಕನೆಯ ಹೆಜ್ಜೆ: ಅವಿಚ್ಛಿನ್ನವಾದರೆ ಮುದ್ದೆಯನ್ನು ಬಿಟ್ಟು ಹಿಟ್ಟನ್ನು ಯೋಚಿಸಿ

ಸಂಭವನೀಯತೆ ಎಂದರೆ ಒಂದು ಕಿಲೋ ರಾಗಿ ಹಿಟ್ಟು ಎಂದುಕೊಳ್ಳಿ. ವಿಚ್ಛಿನ್ನ ಚಲಕದಲ್ಲಿ ಆ ಹಿಟ್ಟನ್ನು ಮುದ್ದೆ ಕಟ್ಟಿ, ಒಂದು ಉದ್ದನೆಯ ಹಲಗೆಯ ಮೇಲೆ ಬೆಲೆಗಳ ಗುರುತಿರುವ ಕಡೆ ಇಟ್ಟಿರುತ್ತೇವೆ. ಮುದ್ದೆ ಕಟ್ಟುವಾಗ ಹಾಕಿದ ನೀರಿನ ತೂಕವನ್ನು ಸದ್ಯಕ್ಕೆ ಮರೆಯೋಣ. ಕಾಯಿಯ ನಡೆಯ ಲೆಕ್ಕದಲ್ಲಿ 1ರ ಗುರುತಿನ ಮೇಲೆ 250 ಗ್ರಾಂ, 2ರ ಮೇಲೆ 375, 3ರ ಮೇಲೆ 250, 4 ಮತ್ತು 8ರ ಮೇಲೆ ತಲಾ 62.5 ಗ್ರಾಂ. ಹಲಗೆಯ ಕೆಳಗೆ ಒಂದೇ ಒಂದು ಬೆರಳಿಟ್ಟು ಅದನ್ನು ಸಮತೋಲದಲ್ಲಿ ನಿಲ್ಲಿಸಬೇಕಾದರೆ ಬೆರಳು 2.5ರ ಗುರುತಿನ ಕೆಳಗಿರಬೇಕು. ಅವಿಚ್ಛಿನ್ನ ಚಲಕದಲ್ಲಿ ಮುದ್ದೆಗಳಿಲ್ಲ, ಹಿಟ್ಟನ್ನು ಹಲಗೆಯ ಉದ್ದಕ್ಕೂ ಉದುರಿಸಿ ಹರಡಿರುತ್ತೇವೆ. ಒಂದು ಬಿಂದುವಿನ ಮೇಲೆ ಎಷ್ಟು ಹಿಟ್ಟಿದೆ ಎಂದು ಕೇಳಿದರೆ ಏನೂ ಇಲ್ಲ ಎನ್ನಬೇಕು, ಏಕೆಂದರೆ ಬಿಂದುವಿಗೆ ಅಗಲವಿಲ್ಲ. ಇಲ್ಲಿಂದ ಇಲ್ಲಿಯವರೆಗೆ ಎಷ್ಟಿದೆ ಎಂದು ಕೇಳಿದರೆ ಮಾತ್ರ ಗೋರಿ ತೂಗಿ ಹೇಳಬಹುದು.

ಬಸ್ ನಿಲ್ದಾಣಕ್ಕೆ ಹೋಗೋಣ. ನಿಖರವಾಗಿ 20 ನಿಮಿಷಕ್ಕೊಂದು ಬಸ್ ಬರುತ್ತದೆ, ನೀವು ವೇಳಾಪಟ್ಟಿ ನೋಡದೆ ಯಾವುದೋ ಹೊತ್ತಿಗೆ ಹೋಗಿ ನಿಲ್ಲುತ್ತೀರಿ. ಕಾಯುವ ಕಾಲ 0ಯಿಂದ 20 ನಿಮಿಷದವರೆಗೆ ಯಾವುದಾದರೂ ಆಗಬಹುದು, ಯಾವ ಭಾಗಕ್ಕೂ ಪಕ್ಷಪಾತವಿಲ್ಲ. ಹಾಗಾದರೆ ಒಂದು ಕಿಲೋ ಹಿಟ್ಟು 20 ನಿಮಿಷ ಉದ್ದದ ಹಲಗೆಯ ಮೇಲೆ ಒಂದೇ ಸಮನೆ ಹರಡಿದೆ, ನಿಮಿಷಕ್ಕೆ 50 ಗ್ರಾಂ. ಈ 'ನಿಮಿಷಕ್ಕೆ ಇಷ್ಟು' ಎಂಬುದೇ ಸಂಭವನೀಯತಾ ಸಾಂದ್ರತೆ, ಇಲ್ಲಿ 1/20. ಐದರಿಂದ ಹತ್ತು ನಿಮಿಷ ಕಾಯುವ ಸಂಭವನೀಯತೆ 5 × 1/20, ಅಂದರೆ 0.25. ಇದು ಆಯತದ ವಿಸ್ತೀರ್ಣವಲ್ಲದೆ ಬೇರೇನೂ ಅಲ್ಲ. ಹಿಟ್ಟು ಏರುಪೇರಾಗಿ ಹರಡಿದ್ದಾಗ ಆ ವಿಸ್ತೀರ್ಣವನ್ನು ಕಂಡುಹಿಡಿಯಲು ಅನುಕಲನ ಬೇಕಾಗುತ್ತದೆ, ಅಷ್ಟೇ ವ್ಯತ್ಯಾಸ.

ನಿಖರವಾಗಿ 7 ನಿಮಿಷ ಕಾಯುವ ಸಂಭವನೀಯತೆ ಎಷ್ಟು? ಆರೂವರೆಯಿಂದ ಏಳೂವರೆ ನಿಮಿಷದ ನಡುವೆ ಎಂದರೆ 0.05. ಅಂತರವನ್ನು 6.95ರಿಂದ 7.05ರವರೆಗೆ ಎಂದು ಬಿಗಿ ಮಾಡಿದರೆ 0.005. ಇನ್ನೂ ಬಿಗಿ ಮಾಡಿ 6.995ರಿಂದ 7.005 ಎಂದರೆ 0.0005. ಹೀಗೆ ಬಿಗಿಯುತ್ತಾ ಹೋದರೆ ಸೊನ್ನೆ. ಹಾಗಾದರೆ ನಾವು ಯಾವತ್ತೂ ಕಾಯುವುದೇ ಇಲ್ಲವೇ, ಯಾವುದೋ ಒಂದು ಹೊತ್ತಿಗೆ ಬಸ್ ಬಂದೇ ಬರುತ್ತದಲ್ಲ ಎಂದು ಕೇಳುವ ವಿದ್ಯಾರ್ಥಿ ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ಅವಿಚ್ಛಿನ್ನ ಚಲಕಗಳಲ್ಲಿ ಸಂಭವನೀಯತೆ ಸೊನ್ನೆ ಎಂದರೆ ಅಸಾಧ್ಯ ಎಂದರ್ಥವಲ್ಲ. ಗೆರೆಯು ಬಿಂದುಗಳಿಂದಲೇ ಆಗಿದ್ದರೂ ಒಂದು ಬಿಂದುವಿಗೆ ಉದ್ದವಿಲ್ಲದಿರುವಂತೆಯೇ ಇದು. ಇದರಿಂದ ಲೆಕ್ಕದಲ್ಲಿ ಒಂದು ಅನುಕೂಲವೂ ಇದೆ: 'ಹತ್ತಕ್ಕಿಂತ ಕಡಿಮೆ' ಎಂದರೂ 'ಹತ್ತು ಅಥವಾ ಅದಕ್ಕಿಂತ ಕಡಿಮೆ' ಎಂದರೂ ಉತ್ತರ ಒಂದೇ. ಕವಡೆಯಲ್ಲಿ ಹಾಗಲ್ಲ. ಮೂರು ಅಥವಾ ಹೆಚ್ಚು ಮನೆ ನಡೆಯುವ ಸಂಭವನೀಯತೆ 6/16, ಮೂರಕ್ಕಿಂತ ಹೆಚ್ಚು ನಡೆಯುವುದು 2/16. ವಿಚ್ಛಿನ್ನ ಚಲಕದ ಲೆಕ್ಕಗಳಲ್ಲಿ ಅಂಕ ಕಳೆದುಕೊಳ್ಳುವವರಲ್ಲಿ ಬಹಳ ಮಂದಿ 'ಅಥವಾ' ಎಂಬ ಒಂದು ಪದವನ್ನು ಓದದೆ ಹೋದವರು.

ಸಾಂದ್ರತೆಯೇ ಸಂಭವನೀಯತೆಯಲ್ಲ ಎಂಬುದನ್ನು ಮನದಟ್ಟು ಮಾಡಿಕೊಳ್ಳಲು ನಿಮಿಷವನ್ನು ಗಂಟೆಗೆ ಬದಲಾಯಿಸಿ ನೋಡಿ. ಹಲಗೆಯ ಉದ್ದ ಈಗ 1/3 ಗಂಟೆ, ವಿಸ್ತೀರ್ಣ 1 ಆಗಬೇಕಾದ್ದರಿಂದ ಎತ್ತರ 3. ಸಂಭವನೀಯತೆ ಒಂದನ್ನು ಮೀರುವುದಿಲ್ಲ, ಸಾಂದ್ರತೆ ಮೀರಬಹುದು. ಬಸ್ಸೂ ಬದಲಾಗಲಿಲ್ಲ, ಕಾಯುವವರೂ ಬದಲಾಗಲಿಲ್ಲ, ಗಡಿಯಾರದ ಮಾನ ಬದಲಾಯಿತು ಅಷ್ಟೇ.

ಐದನೆಯ ಹೆಜ್ಜೆ: ಎರಡಕ್ಕೂ ಹೊಂದುವ ಒಂದು ಚಿತ್ರ ಬಿಡಿಸಿ

ಸಂಚಿತ ವಿತರಣೆ ಎಂಬುದು ಎರಡು ಬಗೆಯ ಚಲಕಗಳಿಗೂ ಸಮಾನವಾದ ಸಾಧನ. ಎಡದಿಂದ ಬಲಕ್ಕೆ ಹೋಗುತ್ತಾ, ಇಲ್ಲಿಯವರೆಗೆ ಒಟ್ಟು ಎಷ್ಟು ಹಿಟ್ಟು ದಾಟಿದೆ ಎಂದು ಬರೆಯುತ್ತಾ ಹೋಗುವುದು. ಕಾಯಿಯ ನಡೆಗೆ ಬರೆದರೆ ಮೆಟ್ಟಿಲುಗಳು ಬರುತ್ತವೆ: 1ರಲ್ಲಿ 4/16ಕ್ಕೆ ಜಿಗಿತ, 2ರಲ್ಲಿ 10/16ಕ್ಕೆ, 3ರಲ್ಲಿ 14/16ಕ್ಕೆ, 4ರಲ್ಲಿ 15/16ಕ್ಕೆ, ಆಮೇಲೆ 8ರವರೆಗೆ ಚಪ್ಪಟೆ, ಅಲ್ಲಿ ಕೊನೆಯ ಜಿಗಿತ. ಬಸ್ಸಿಗೆ ಬರೆದರೆ 0ಯಿಂದ 20ರವರೆಗೆ ಜಿಗಿತವಿಲ್ಲದ ನೇರ ಏರು. ಜಿಗಿತ ಇರುವಲ್ಲಿ ಮುದ್ದೆ ಇದೆ, ಏರು ಇರುವಲ್ಲಿ ಹಿಟ್ಟಿದೆ. ಯಾವುದೇ ಲೆಕ್ಕದಲ್ಲಿ ಅನುಮಾನ ಬಂದರೆ ಈ ಚಿತ್ರ ಬಿಡಿಸಿಕೊಳ್ಳುವುದು ಸೂತ್ರ ಹುಡುಕುವುದಕ್ಕಿಂತ ಬೇಗ ದಾರಿ ತೋರಿಸುತ್ತದೆ.

ಆರನೆಯ ಹೆಜ್ಜೆ: ಒಂದೇ ಘಟನೆಯನ್ನು ಎರಡೂ ಭಾಷೆಯಲ್ಲಿ ಹೇಳಿ ನೋಡಿ

1910ರಲ್ಲಿ ಭೌತವಿಜ್ಞಾನಿಗಳಾದ ಅರ್ನೆಸ್ಟ್ ರುದರ್‌ಫೋರ್ಡ್ ಮತ್ತು ಹಾನ್ಸ್ ಗೈಗರ್ ವಿಕಿರಣಶೀಲ ಪೊಲೋನಿಯಮ್‌ನಿಂದ ಹೊರಬರುವ ಆಲ್ಫಾ ಕಣಗಳು ಪರದೆಗೆ ಬಡಿದಾಗ ಮೂಡುವ ಮಿನುಗುಗಳನ್ನು ಎಣಿಸಿದ ಪ್ರಯೋಗವನ್ನು ಪ್ರಕಟಿಸಿದರು. ಕಾಲವನ್ನು 7.5 ಸೆಕೆಂಡುಗಳ 2608 ತುಂಡುಗಳಾಗಿ ಮಾಡಿ, ಒಂದೊಂದು ತುಂಡಿನಲ್ಲಿ ಎಷ್ಟು ಕಣಗಳು ಬಂದವು ಎಂದು ಬರೆದಿಟ್ಟರು. ಸರಾಸರಿ ಸುಮಾರು 3.87 ಬಂತು. ತುಂಡಿಗೆ ಎಷ್ಟು ಕಣ ಎಂಬುದು ಎಣಿಕೆ, ಹಾಗಾಗಿ ವಿಚ್ಛಿನ್ನ. ಹೀಗೆ ಮನಬಂದಂತೆ ಬರುವ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸಾನ್ ವಿತರಣೆಯ ಪ್ರಕಾರ ಒಂದೂ ಕಣ ಬಾರದ ಸಂಭವನೀಯತೆ ಸುಮಾರು 0.0209, ಅಂದರೆ 2608ರಲ್ಲಿ 54ರಷ್ಟು ತುಂಡುಗಳು ಖಾಲಿಯಾಗಿರಬೇಕು. ಅವರಿಗೆ ಸಿಕ್ಕಿದ್ದು 57.

ಈಗ ಪ್ರಶ್ನೆಯನ್ನು ತಿರುಗಿಸಿ. ಗಡಿಯಾರ ಒತ್ತಿದ ಮೇಲೆ ಮೊದಲ ಕಣಕ್ಕೆ ಎಷ್ಟು ಹೊತ್ತು ಕಾಯಬೇಕು? ಇದು ಕಾಲ, ಹಾಗಾಗಿ ಅವಿಚ್ಛಿನ್ನ. ಇದರ ವಿತರಣೆಗೆ ಘಾತೀಯ ವಿತರಣೆ ಎಂದು ಹೆಸರು, ಸರಾಸರಿ 7.5ನ್ನು 3.87ರಿಂದ ಭಾಗಿಸಿದಾಗ ಬರುವ ಸುಮಾರು 1.94 ಸೆಕೆಂಡು. ಆದರೆ '7.5 ಸೆಕೆಂಡಿನಲ್ಲಿ ಒಂದೂ ಕಣ ಬರಲಿಲ್ಲ' ಎನ್ನುವುದೂ 'ಮೊದಲ ಕಣಕ್ಕೆ 7.5 ಸೆಕೆಂಡಿಗಿಂತ ಹೆಚ್ಚು ಕಾಯಬೇಕಾಯಿತು' ಎನ್ನುವುದೂ ಒಂದೇ ಘಟನೆ. ಮೊದಲ ವಾಕ್ಯ ವಿಚ್ಛಿನ್ನ ಚಲಕದ್ದು, ಎರಡನೆಯದು ಅವಿಚ್ಛಿನ್ನ ಚಲಕದ್ದು, ಉತ್ತರ ಎರಡಕ್ಕೂ 0.0209. ಪ್ರಕೃತಿ ತಾನಾಗಿ ಯಾವ ಪಕ್ಷವನ್ನೂ ವಹಿಸಿಲ್ಲ. ನಮ್ಮ ಕೈಯಲ್ಲಿ ಎಣಿಸುವ ಪುಸ್ತಕವಿತ್ತೋ ನಿಲುಗಡಿಯಾರವಿತ್ತೋ ಎಂಬುದರ ಮೇಲೆ ಚಲಕದ ಜಾತಿ ನಿರ್ಧಾರವಾಯಿತು.

ನಾಲ್ಕನೆಯ ಹೆಜ್ಜೆಯ ಬಸ್ಸು ಕೂಡ ಗಡಿಯಾರದಂತೆ ಬರದೆ ಈ ಕಣಗಳಂತೆ ಮನಬಂದಂತೆ, ಸರಾಸರಿ 20 ನಿಮಿಷಕ್ಕೊಂದರಂತೆ ಬರುತ್ತಿದ್ದರೆ ನಿಮ್ಮ ಸರಾಸರಿ ಕಾಯುವಿಕೆ 10 ನಿಮಿಷದಿಂದ 20 ನಿಮಿಷಕ್ಕೆ ಏರುತ್ತದೆ. ಅರ್ಧ ಗಂಟೆ ಒಂದೂ ಇಲ್ಲದೆ ಆಮೇಲೆ ಮೂರು ಒಟ್ಟಿಗೆ ಬಂದ ಬಸ್ಸುಗಳನ್ನು ಕಂಡವರಿಗೆ ಇದರ ಪುರಾವೆ ಬೇಕಾಗಲಾರದು.

ಏಳನೆಯ ಹೆಜ್ಜೆ: ಗಡಿ ಮಸುಕಾಗುವ ಕಡೆ ಎಚ್ಚರದಿಂದಿರಿ

ಮಳೆಯ ಅಂಕಿಗಳು ಇದಕ್ಕೆ ಒಳ್ಳೆಯ ಪಾಠ. ದಿನದ ಮಳೆಯನ್ನು ನಮ್ಮಲ್ಲಿ ಬೆಳಿಗ್ಗೆ ಎಂಟೂವರೆಗೆ ಅಳೆದು, ಹಿಂದಿನ 24 ಗಂಟೆಗಳ ಲೆಕ್ಕವಾಗಿ ಮಿಲಿಮೀಟರಿನಲ್ಲಿ ಬರೆಯುತ್ತಾರೆ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಅದು ಮಳೆ ದಿನ. ಜುಲೈ ತಿಂಗಳಲ್ಲಿ ಎಷ್ಟು ಮಳೆ ದಿನಗಳು ಎಂಬುದು 0ಯಿಂದ 31ರವರೆಗಿನ ವಿಚ್ಛಿನ್ನ ಚಲಕ. ಅದನ್ನು ನೋಡಿದ ತಕ್ಷಣ 31 ನಾಣ್ಯಗಳನ್ನು ಎಸೆದು ತಲೆ ಬಿದ್ದವನ್ನು ಎಣಿಸುವಾಗ ಹೊಂದುವ ದ್ವಿಪದ ವಿತರಣೆಯ ಸೂತ್ರ ಹಾಕಿಬಿಡುವುದು ಸುಲಭ, ಆದರೆ ತಪ್ಪು. ಮುಂಗಾರು ಹಿಡಿದುಕೊಂಡ ದಿನದ ಮರುದಿನವೂ ಮಳೆ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ದಿನಗಳು ಒಂದರಿಂದೊಂದು ಸ್ವತಂತ್ರವಲ್ಲ. ಚಲಕ ವಿಚ್ಛಿನ್ನ ಎಂದು ಗೊತ್ತಾದ ಮಾತ್ರಕ್ಕೆ ಅದರ ವಿತರಣೆ ಯಾವುದು ಎಂದು ಗೊತ್ತಾದಂತೆ ಆಗಲಿಲ್ಲ.

ದಿನಕ್ಕೆ ಬಿದ್ದ ಮಳೆಯ ಪ್ರಮಾಣ ಅವಿಚ್ಛಿನ್ನವೇ? ಪೂರ್ತಿಯಾಗಿ ಅಲ್ಲ. ಮಳೆಯೇ ಇಲ್ಲದ ದಿನಗಳಿಗೆ ಬೆಲೆ ನಿಖರವಾಗಿ ಸೊನ್ನೆ, ಅಂಥ ದಿನಗಳ ಸಂಭವನೀಯತೆ ಸೊನ್ನೆಯಲ್ಲ. ಜುಲೈನ ಆಗುಂಬೆಯಲ್ಲಿ ಸೊನ್ನೆ ಅಪರೂಪ, ಚಳ್ಳಕೆರೆಯಲ್ಲಿ ಸಾಮಾನ್ಯ. ಸೊನ್ನೆಯ ಗುರುತಿನ ಮೇಲೆ ಒಂದು ಮುದ್ದೆ, ಅದರಾಚೆಗೆ ಹರಡಿದ ಹಿಟ್ಟು. ಸಂಚಿತ ವಿತರಣೆಯಲ್ಲಿ ಮೊದಲು ಜಿಗಿತ, ಆಮೇಲೆ ಏರು. ಇದಕ್ಕೆ ಮಿಶ್ರ ಚಲಕ ಎನ್ನುತ್ತಾರೆ. ಆರಂಭಿಕ ಪಠ್ಯಗಳು ಇದರ ಮಾತೆತ್ತುವುದಿಲ್ಲ, ಎತ್ತಬೇಕು ಎಂದು ನನ್ನ ಅಭಿಪ್ರಾಯ, ಏಕೆಂದರೆ ವಿಮಾ ಕ್ಲೇಮಿನ ಮೊತ್ತದಿಂದ ಹಿಡಿದು ಸಿಗ್ನಲ್ಲಿನಲ್ಲಿ ಕಾಯುವ ಕಾಲದವರೆಗೆ ದಿನನಿತ್ಯದ ಎಷ್ಟೋ ಚಲಕಗಳು ಈ ಮೂರನೆಯ ಗುಂಪಿನವು.

ಇನ್ನು ಅಳೆಯುವ ಉಪಕರಣವನ್ನು ನೋಡಿ. ಸ್ವಯಂಚಾಲಿತ ಮಳೆಮಾಪಕಗಳಲ್ಲಿ ಒಂದು ಬಗೆಯಲ್ಲಿ ಏತದ ಹಾಗೆ ಮಗುಚುವ ಪುಟ್ಟ ಬಟ್ಟಲಿನ ಜೋಡಿ ಇರುತ್ತದೆ. ಒಂದು ಬಟ್ಟಲು ತುಂಬಿದ ಕೂಡಲೇ ಮಗುಚಿ ಖಾಲಿಯಾಗುತ್ತದೆ, ಇನ್ನೊಂದು ಮೇಲೆ ಬರುತ್ತದೆ, ಯಂತ್ರ ಒಂದು ಎಂದು ಎಣಿಸಿಕೊಳ್ಳುತ್ತದೆ. ಒಂದು ಮಗುಚುವಿಕೆಗೆ 0.2 ಮಿಲಿಮೀಟರ್ ಎಂದಾದರೆ ದಾಖಲೆಯಲ್ಲಿ 0.2, 0.4, 0.6 ಬರುತ್ತವೆ, 0.3 ಎಂದಿಗೂ ಬರುವುದಿಲ್ಲ. ಅವಿಚ್ಛಿನ್ನವಾಗಿ ಸುರಿದ ಮಳೆಯನ್ನು ಯಂತ್ರ ಎಣಿಸಿ ಕೊಟ್ಟಿತು. ಇಲಾಖೆಯ ವರ್ಗೀಕರಣದಲ್ಲೂ ಇದರ ಗುರುತು ಕಾಣುತ್ತದೆ: ಭಾರಿ ಮಳೆ ಎಂದರೆ 64.5ರಿಂದ 115.5 ಮಿಲಿಮೀಟರ್, ಅತಿ ಭಾರಿ ಎಂದರೆ 115.6ರಿಂದ 204.4. ಹಾಗಾದರೆ 115.55 ಮಿಲಿಮೀಟರ್ ಮಳೆ ಯಾವ ಗುಂಪಿಗೆ ಸೇರಬೇಕು? ಆಕಾಶದಿಂದ ಅಷ್ಟು ಬೀಳಬಹುದು, ಆದರೆ ದಾಖಲೆ ಪುಸ್ತಕದಲ್ಲಿ ಒಂದು ದಶಮಾಂಶ ಸ್ಥಾನದವರೆಗೆ ಮಾತ್ರ ಬರೆಯುವುದರಿಂದ ಆ ಸಂಖ್ಯೆಗೆ ಅಲ್ಲಿ ಜಾಗವೇ ಇಲ್ಲ. ಇಷ್ಟಾದರೂ ಮಳೆಯ ಪ್ರಮಾಣವನ್ನು ಅವಿಚ್ಛಿನ್ನ ಎಂದೇ ಲೆಕ್ಕ ಮಾಡುತ್ತೇವೆ, ಅದು ಸರಿಯೂ ಹೌದು. ಸಾವಿರಾರು ಚಿಕ್ಕ ಮೆಟ್ಟಿಲುಗಳನ್ನು ಇಳಿಜಾರು ಎಂದು ನೋಡಿದರೆ ಲೆಕ್ಕ ಸುಲಭವಾಗುತ್ತದೆ, ತಪ್ಪು ಅಳತೆಯ ದೋಷಕ್ಕಿಂತ ಕಡಿಮೆ ಇರುತ್ತದೆ.

ಎಂಟನೆಯ ಹೆಜ್ಜೆ: ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅರ್ಧ ಸೇರಿಸಿ

ಮೆಟ್ಟಿಲನ್ನು ಇಳಿಜಾರಾಗಿ ನೋಡುವ ಈ ಉಪಾಯ ಹಳೆಯದು. ದ್ವಿಪದ ವಿತರಣೆಯನ್ನು ಗಂಟೆಯಾಕಾರದ ನಯವಾದ ರೇಖೆಯಿಂದ ಅಂದಾಜು ಮಾಡಬಹುದು ಎಂದು ಗಣಿತಜ್ಞ ಅಬ್ರಹಾಂ ಡಿ ಮೋವಾವ್ರ್ 1733ರಲ್ಲೇ ತೋರಿಸಿದ್ದ. ನಾಣ್ಯವನ್ನು 100 ಸಲ ಚಿಮ್ಮಿದಾಗ ಸರಿಯಾಗಿ 50 ಸಲ ತಲೆ ಬೀಳುವ ಸಂಭವನೀಯತೆ 0.0796. ಇದನ್ನೇ ಸರಾಸರಿ 50, ಮಾನಕ ವಿಚಲನೆ 5 ಇರುವ ಪ್ರಸಾಮಾನ್ಯ (ನಾರ್ಮಲ್) ವಿತರಣೆಯಿಂದ, ಅಂದರೆ ಆ ಗಂಟೆಯಾಕಾರದ ರೇಖೆಯಿಂದ, ಪಡೆಯಲು ಹೋದರೆ 50 ಎಂಬ ಬಿಂದುವಿನ ಮೇಲೆ ಸೊನ್ನೆಯೇ ಸಿಗುತ್ತದೆ. ಹಾಗಾಗಿ ಮುದ್ದೆಯನ್ನು ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಹರಡಿ, 49.5ರಿಂದ 50.5ರವರೆಗಿನ ವಿಸ್ತೀರ್ಣ ತೆಗೆದುಕೊಳ್ಳಬೇಕು. ಅದು 0.0797. ಮೊದಲ ಮೂರು ದಶಮಾಂಶ ಸ್ಥಾನಗಳೂ ಹೊಂದುತ್ತವೆ.

ಕೊನೆಗೆ ಕಂಪ್ಯೂಟರಿನ ಮುಂದೆ ಕೂತಾಗ. ಎಕ್ಸೆಲ್‌ನ ಪ್ರಸಾಮಾನ್ಯ ವಿತರಣೆಗಿರುವ ನಾರ್ಮ್.ಡಿಸ್ಟ್ ಮತ್ತು ದ್ವಿಪದ ವಿತರಣೆಗಿರುವ ಬೈನಾಮ್.ಡಿಸ್ಟ್ ಸೂತ್ರಗಳು ಎರಡೂ ಕೊನೆಯಲ್ಲಿ ಟ್ರೂ ಅಥವಾ ಫಾಲ್ಸ್ ಎಂದು ಕೇಳುತ್ತವೆ. ಬೈನಾಮ್.ಡಿಸ್ಟ್‌ಗೆ ಫಾಲ್ಸ್ ಕೊಟ್ಟರೆ ಆ ಬೆಲೆಯ ಸಂಭವನೀಯತೆಯೇ ಸಿಗುತ್ತದೆ. ನಾರ್ಮ್.ಡಿಸ್ಟ್‌ಗೆ ಅದೇ ಫಾಲ್ಸ್ ಕೊಟ್ಟರೆ ಸಿಗುವುದು ರೇಖೆಯ ಎತ್ತರ, ಅಂದರೆ ಸಾಂದ್ರತೆ. ಸರಾಸರಿ 50, ಮಾನಕ ವಿಚಲನೆ 0.1 ಇಟ್ಟು 50ರಲ್ಲಿ ಕೇಳಿದರೆ ಸುಮಾರು 3.99 ಬರುತ್ತದೆ, ಅದನ್ನು ಸಂಭವನೀಯತೆ ಎಂದು ಉತ್ತರಪತ್ರಿಕೆಯಲ್ಲಿ ಬರೆದವರನ್ನು ನಾನು ನೋಡಿದ್ದೇನೆ. ಟ್ರೂ ಕೊಟ್ಟಾಗ ಎರಡೂ ಸಂಚಿತ ಬೆಲೆಯನ್ನು ಕೊಡುತ್ತವೆ, ಒಂದರಿಂದ ಇನ್ನೊಂದನ್ನು ಕಳೆದು ಬೇಕಾದ ಅಂತರದ ಸಂಭವನೀಯತೆ ಪಡೆಯಬಹುದು. ಆದರೆ ಅವಿಚ್ಛಿನ್ನ ಚಲಕದಲ್ಲಿ 45ರಿಂದ 55ರವರೆಗೆ ಬೇಕಾದರೆ 55ರ ಬೆಲೆಯಿಂದ 45ರ ಬೆಲೆ ಕಳೆಯಬೇಕು, ವಿಚ್ಛಿನ್ನ ಚಲಕದಲ್ಲಿ 55ರ ಬೆಲೆಯಿಂದ 44ರ ಬೆಲೆ ಕಳೆಯಬೇಕು. ಇಲ್ಲವಾದರೆ 45ರ ಮೇಲಿದ್ದ ಮುದ್ದೆ ಕೈತಪ್ಪಿಹೋಗುತ್ತದೆ.